ಮೊದಲ ತುತ್ತಿನ ಅರ್ಜಿ

ಮಹಾದೇವಿಯ ಗಂಡ ಚಂದ್ರಾಮ ಜೈಲು ಸೇರಿದ ಕಥೆ ಕೇಳಿದವರಿಗೆಲ್ಲ ನಗು ಬರುತ್ತದೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಘಾಟ್ಕೋಪರಿನಲ್ಲಿ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿಗೆ ಅವನು ವಾಚ್‌ಮನ್. ಒಂದು ಬೆಳಿಗ್ಗೆ ಎದ್ದು ನೋಡಿದರೆ ಲಿಫ್ಟಿಗೆ ಕೂಡಿಸಲೆಂದು ತಂದಿಟ್ಟ ಮೋಟರ್ ಇಲ್ಲ. ಬಿಲ್ಡರನಿಗೆ ಫೋನ್ ಮಾಡಿದ, ಎತ್ತಲಿಲ್ಲ. ಕಳ್ಳತನವಾದರೆ ಪೊಲೀಸರಿಗೆ ಹೇಳಬೇಕು ಎಂಬಷ್ಟು ಮಾತ್ರ ಅವನಿಗೆ ಗೊತ್ತು. ತಾನೇ ಠಾಣೆಗೆ ನಡೆದುಕೊಂಡು ಹೋಗಿ ಹೇಳಿದ. "ಆ ಹೊತ್ತಿನಲ್ಲಿ ಅಲ್ಲಿ ಯಾರ್ಯಾರಿದ್ದರು?" ಎಂದು ಕೇಳಿದರು. "ನಾನೊಬ್ಬನೇ" ಎಂದ. ಅಲ್ಲಿಗೆ ತನಿಖೆ ಮುಗಿಯಿತು. ನಾಲ್ಕು ಜನ ಸೇರಿ ಎತ್ತುವ ಮೋಟರನ್ನು ಐವತ್ತೆರಡು ಕೆಜಿಯ ಚಂದ್ರಾಮ ಒಬ್ಬನೇ ಎಲ್ಲಿಗೆ ಹೊತ್ತುಕೊಂಡು ಹೋದ ಎಂದು ಯಾರೂ ಕೇಳಲಿಲ್ಲ.

ನಾನು ಭಾಂಡುಪಿನಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಟೀಚರ್ ಆಗಿದ್ದವಳು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು, ಶಾಲೆ ಮುಚ್ಚಿತು, ನಾನು ಮನೆಯಲ್ಲಿ ಕೂತೆ. ಅಂದಿನಿಂದ ಅರ್ಜಿ ಬರೆಯಬೇಕಾದ ಜನ ನನ್ನ ಬಾಗಿಲಿಗೆ ಬರುತ್ತಾರೆ. ನಾನು ಬೈಯುತ್ತೇನೆ, ಬೈದು ಬರೆದುಕೊಡುತ್ತೇನೆ. ಮಹಾದೇವಿ ನಮ್ಮ ಬಿಲ್ಡಿಂಗಿನ ಮೆಟ್ಟಿಲು ತೊಳೆಯುವವಳು, ಇಂಡಿ ತಾಲೂಕಿನ ಕಡೆಯವಳು. ನಾನು ಉಡುಪಿಯವಳು. ಅವಳ ಮಾತು ನನಗೆ ಪೂರ್ತಿ ಹಿಡಿಯಲು ಎರಡು ವರ್ಷ ಬೇಕಾಯಿತು, ಅವಳ ಜೋಳದ ರೊಟ್ಟಿ ಅಗಿಯಲು ಇನ್ನೂ ಬರುವುದಿಲ್ಲ.

ಗಂಡ ಒಳಗೆ ಹೋಗಿ ಏಳು ತಿಂಗಳಾದ ಮೇಲೆ ಒಂದು ಬುಧವಾರ ಅವಳು ಮುಲಾಕಾತಿನಿಂದ ನೆಟ್ಟಗೆ ನನ್ನ ಮನೆಗೆ ಬಂದಳು. ಮುಲಾಕಾತ್ ಎಂದರೆ ವಾರಕ್ಕೊಮ್ಮೆ, ಗಾಜಿನ ಆಚೆ ಈಚೆ ಕೂತು, ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತು.

"ಅಕ್ಕೋರ, ಅವ್ರು ಗುನ್ಹಾ ಕಬೂಲ್ ಮಾಡ್ತೀನಿ ಅನ್ನಾಕತ್ತಾರ್ರಿ" ಎಂದಳು.

ಸರಕಾರ ಕೊಟ್ಟ ವಕೀಲ ತಿಲಕ್ ಹಾಗೆ ಹೇಳಿಕೊಟ್ಟಿದ್ದ. ನಾನು ಅವನಿಗೆ ಫೋನ್ ಹಚ್ಚಿದೆ. ಅವನ ತಾಯಿ ತಂದೆ ಮಂಗಳೂರಿನವರು, ಅವನು ಇಲ್ಲೇ ಹುಟ್ಟಿದವನು. "ಆಂಟಿ, ಸಿಂಪಲ್. ಕಬೂಲ್ ಮಾಡಿದ್ರೆ, ಜೈಲಲ್ಲಿ ಆಲ್ರೆಡಿ ಕಳೆದದ್ದೇ ಶಿಕ್ಷೆ ಅಂತ ಜಡ್ಜ್ ಬಿಡ್ತಾರೆ. ಸೇಮ್ ಡೇ ಘರ್. ಇಲ್ಲ ಅಂದ್ರೆ ಕೇಸ್ ಚಲ್ತಾ ರಹೇಗಾ" ಎಂದ. ಅಂದರೆ ಕದ್ದೆ ಎಂದವನು ಅಂದೇ ಮನೆಗೆ, ಕದ್ದಿಲ್ಲ ಎಂದವನು ಜೈಲಿಗೆ. ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದು ಅವನಿಗೆ ಅನಿಸಿರಲಿಲ್ಲ.

ಮಹಾದೇವಿಗೆ ಅನಿಸಿತ್ತು. "ಕದ್ದಿಲ್ದಾವ್ರು ಕದ್ದೀನಿ ಅಂದ್ರ ನಾಳೆ ಯಾ ಬಿಲ್ಡಿಂಗ್‌ನ್ಯಾವ್ರು ಕೀಲಿ ಕೊಡ್ತಾರ್ರಿ? ಊರಾಗ ಮಗಳ ಅತ್ತಿ ಮನ್ಯಾವ್ರಿಗೆ ಏನಂತ ಹೇಳ್ಲಿ? ಅವ್ರ ತಪ್ಪಲ್ರಿ ಇದು, ಹೊಟ್ಟಿ ತಪ್ಪು. ಅಲ್ಲಿ ಅನ್ನ ಗಂಟಲದಾಗ ಇಳಿವಲ್ದಂತ. ಎರಡು ರೊಟ್ಟಿ ಹೊಟ್ಟಿಗೆ ಬಿದ್ರ ಬುದ್ಧಿ ಜಾಗಾಕ್ಕ ಬರ್ತೈತ್ರಿ. ನೀವು ಅರ್ಜಿ ಬರೀರಿ."

ಬರೆದೆ. ತಿಲಕ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೋರ್ಟಿಗೆ ಕೊಟ್ಟ. ದಿನಾ ಮನೆಯೂಟ ಕೊಡಲು ಅಪ್ಪಣೆ ಕೇಳಿದ್ದೆವು. ವಾರಕ್ಕೊಂದು ದಿನ, ಬುಧವಾರ, ಎಂದು ಆದೇಶ ಬಂತು. ಕೆಳಗೆ ಒಂದು ಷರತ್ತು: ಊಟದಲ್ಲಿ ವಿಷವಿಲ್ಲವೆಂದು ಖಾತ್ರಿಯಾಗಲು, ತಂದವರು, ಅಂದರೆ ಆರೋಪಿಯ ಹೆಂಡತಿ, ಮೊದಲು ಒಂದು ತುತ್ತು ತಿಂದು ತೋರಿಸಬೇಕು.

ಮೊದಲ ಬುಧವಾರ ನಾನೂ ಜೊತೆಗೆ ಹೋದೆ. ಜೈಲಿನ ಗೇಟಿನಲ್ಲಿ ಸ್ನೇಹಲ್ ಎಂಬ ಮಹಿಳಾ ಪೊಲೀಸ್ ಇದ್ದಳು. ಕೆಟ್ಟವಳಲ್ಲ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುವವಳು. ಡಬ್ಬಿ ತೆರೆದು, ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ನೋಡಿ, ಕೆಂಪು ಪುಡಿ, ಯಾರ ಕಣ್ಣಿಗಾದರೂ ಎರಚಬಹುದು ಎಂದು ತೆಗೆದಿಟ್ಟಳು. ಆಮೇಲೆ ಖಡಕ್ ರೊಟ್ಟಿ. ಅದನ್ನು ಲಟಕ್ಕನೆ ಮುರಿದಳು. ಅಂಚಿಗೆ ಹೆಬ್ಬೆರಳು ಒತ್ತಿ ನೋಡಿ, "ಹತ್ಯಾರ್" ಎಂದಳು. ಆಯುಧ! ನಾನು ಜಗಳಕ್ಕೆ ನಿಂತೆ, ಆದರೆ ನಿಜ ಹೇಳಬೇಕೆಂದರೆ ಆ ರೊಟ್ಟಿಯ ಬಗ್ಗೆ ನನ್ನ ಹಲ್ಲುಗಳದ್ದೂ ಅದೇ ಅಭಿಪ್ರಾಯ.

ಎರಡನೇ ಬುಧವಾರ ಮಹಾದೇವಿ ನಸುಕಿನಲ್ಲೆದ್ದು ಮೆತ್ತನ್ನ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿ ತಂದಳು. ಸ್ನೇಹಲ್ ಪ್ರತಿ ರೊಟ್ಟಿಯನ್ನೂ ಮಡಿಸಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಪಾಸಾಯಿತು. "ಈಗ ಒಂದು ತುತ್ತು ತಿನ್ನು" ಎಂದಳು ಹಿಂದಿಯಲ್ಲಿ.

ಮಹಾದೇವಿ ಅಲ್ಲಾಡಲಿಲ್ಲ. "ಅವ್ರು ಉಂಡಿಲ್ಲಲ್ರಿ" ಎಂದಳು.

"ಅವರಿಗೆ ಕೊಡುವುದಕ್ಕೇ ನೀನು ತಿನ್ನಬೇಕು."

"ಅವ್ರು ಉಂಡ ಮ್ಯಾಲ ನಾ ಉಣ್ಣೂದು. ಇಪ್ಪತ್ತಾರು ವರ್ಷ ಆತು. ಒಂದಿನಾ ಮೊದ್ಲ ಉಂಡಿಲ್ಲ."

ಎರಡೂ ಕಡೆಗೆ ನಾನೇ ಅನುವಾದ ಮಾಡುತ್ತಿದ್ದೆ. ಸ್ನೇಹಲ್ ಕಾಗದ ತೋರಿಸಿದಳು. ಮಹಾದೇವಿ ತಲೆ ಅಲ್ಲಾಡಿಸಿದಳು. ಏಳು ತಿಂಗಳಿನಿಂದ ಇವಳು ಹೇಗೆ ಉಣ್ಣುತ್ತಿದ್ದಾಳೆಂದು ನನಗೆ ತಿಳಿದದ್ದು ಆಗಲೇ. ಜೈಲಿನಲ್ಲಿ ಬೆಳಗಿನ ಊಟ ಹತ್ತೂವರೆಗೆ, ಸಂಜೆಯದ್ದು ಐದಕ್ಕೆ ಹಂಚುತ್ತಾರೆ ಎಂದು ಕೇಳಿಕೊಂಡು ಬಂದು, ತಾನು ಹನ್ನೊಂದಕ್ಕೂ ಐದೂವರೆಗೂ ಉಣ್ಣುತ್ತಿದ್ದಳು. ಭಾಂಡುಪಿನ ಚಾಳಿನಲ್ಲಿ ಕೂತು ಜೈಲಿನ ಗಂಟೆಗೆ ಬಾಳುತ್ತಿದ್ದಳು. ಅದನ್ನು ಕೇಳಿಯೂ ಗೇಟಿನಲ್ಲೇ ಬೈದೆ: "ಒಂದು ಚೂರು ತಿಂದರೆ ನಿನ್ನ ಗಂಟೇನು ಹೋಗುತ್ತದೆ? ಅವನು ಅಲ್ಲಿ ಹಸಿದು, ಮಾಡದ ತಪ್ಪು ಒಪ್ಪಿಕೊಳ್ಳಲಿಕ್ಕೆ ಕೂತಿದ್ದಾನೆ!"

"ನೀವ್ ತಿನ್ರಿ ಅಕ್ಕೋರ, ನಿಮಗ ಅಡ್ಡಿಲ್ಲ."

ನಾನು ತಿನ್ನಲು ತಯಾರಾದೆ. ಆದೇಶದಲ್ಲಿ "ಹೆಂಡತಿ" ಎಂದಿದೆ, ನಾನು ಹೆಂಡತಿಯಲ್ಲ ಎಂದಳು ಸ್ನೇಹಲ್. ಡಬ್ಬಿ ವಾಪಸ್. ಮೂರನೇ ಬುಧವಾರವೂ ವಾಪಸ್. ಜಪ್ಪಯ್ಯ ಎಂದರೂ ಅವಳು ಬಾಯಿ ತೆರೆಯಲಿಲ್ಲ. ಗಾಜಿನ ಆಚೆ ಚಂದ್ರಾಮ ಇನ್ನೂ ಎರಡು ಕೆಜಿ ಇಳಿದಿದ್ದ, ಬರುವ ತಾರೀಖಿಗೆ ಕಬೂಲ್ ಮಾಡಿಬಿಡುತ್ತೇನೆ ಎನ್ನುತ್ತಿದ್ದ.

ಕೊನೆಗೆ ಎರಡನೇ ಅರ್ಜಿ ಬರೆದೆ. ನನ್ನ ಜೀವಮಾನದಲ್ಲಿ ಅಂಥದ್ದನ್ನು ಬರೆದಿರಲಿಲ್ಲ. ವಿಷಯ: ಮೊದಲ ತುತ್ತನ್ನು ಗಂಡನು ತಿನ್ನುವ ಬಗ್ಗೆ. ಓದಿ ತಿಲಕ್ ಕಣ್ಣು ಕಣ್ಣು ಬಿಟ್ಟ. "ಆಂಟಿ, ಲಾ ಕಾಲೇಜಲ್ಲಿ ಇದು ಇರ್ಲಿಲ್ಲ" ಎಂದ.

ಮ್ಯಾಜಿಸ್ಟ್ರೇಟ್ ಮೇಡಂ ಅರ್ಜಿಯನ್ನು ಎರಡು ಸಲ ಓದಿದರು. ಸರಕಾರಿ ವಕೀಲರು ಎದ್ದು ನಿಂತು, ಊಟ ತಂದವಳೇ ಊಟ ಮುಟ್ಟುವುದಿಲ್ಲ ಎಂದರೆ ಅದರಲ್ಲಿ ಏನೋ ಇರಲೇಬೇಕು ಎಂದು ಗಂಭೀರವಾಗಿ ವಾದಿಸಿದರು. ಜೈಲಿನ ಅಭಿಪ್ರಾಯ ತರಿಸಿ ಎಂದು ಒಂದು ವಾರ ಹೋಯಿತು. ಜೈಲಿನಿಂದ ಮೂರು ಪುಟದ ಉತ್ತರ ಬಂತು, ತುತ್ತು ಎಂದರೆ ಎಷ್ಟು ಎಂದು ಮೊದಲು ಸ್ಪಷ್ಟಪಡಿಸಬೇಕೆಂದು ಅದರಲ್ಲಿತ್ತು. ಮೇಡಂ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕಣ್ಣು ಒತ್ತಿಕೊಂಡರು. ಆಮೇಲೆ ಆದೇಶ ಹೇಳಿದರು: ಮೊದಲ ತುತ್ತು ಆರೋಪಿ ತಿನ್ನುವುದು. ಹದಿನೈದು ನಿಮಿಷ ಕಾಯುವುದು. ಆರೋಪಿಗೆ ಏನೂ ಆಗದಿದ್ದರೆ ಎರಡನೇ ತುತ್ತು ಹೆಂಡತಿ ತಿನ್ನುವುದು. ಅವಳಿಗೂ ಏನೂ ಆಗದಿದ್ದರೆ ಮಿಕ್ಕ ಊಟ ಆರೋಪಿಗೆ.

ಆರೋಪಿಗೆ ವಿಷ ಹಾಕಬಾರದೆಂದು ಇದ್ದ ಷರತ್ತು, ಈಗ ವಿಷವಿದೆಯೇ ಎಂದು ಆರೋಪಿಯ ಮೇಲೇ ಪ್ರಯೋಗ ಮಾಡುವ ಷರತ್ತಾಯಿತು. ಯಾರೂ ತಕರಾರು ಮಾಡಲಿಲ್ಲ. ಮಹಾದೇವಿಯಂತೂ ಮೇಡಂಗೆ ಎರಡೂ ಕೈ ಎತ್ತಿ ಮುಗಿದಳು.

ಮುಂದಿನ ಬುಧವಾರ ನಾನು ಕಂಡದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಗಾಜಿನ ಆಚೆ ಚಂದ್ರಾಮ ರೊಟ್ಟಿಯ ಒಂದು ಚೂರು ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡ. ಅವನ ಪಕ್ಕದಲ್ಲಿ ಕೂತಿದ್ದ ಸ್ನೇಹಲ್ ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ವೇಳೆ ಬರೆದಳು. ಆಮೇಲೆ ಅವನು ಸಾಯುತ್ತಾನೋ ಇಲ್ಲವೋ ಎಂದು ನಾವೆಲ್ಲ ಹದಿನೈದು ನಿಮಿಷ ಅವನ ಮುಖವನ್ನೇ ನೋಡಿದೆವು. ನಡುವೆ ಒಮ್ಮೆ ಅವನು ಕೆಮ್ಮಿದ. ಸ್ನೇಹಲ್ ಗಾಬರಿಯಿಂದ ಎದ್ದಳು. ಕಾಳು ಗಂಟಲಿಗೆ ಸಿಕ್ಕಿತ್ತಷ್ಟೆ. ವೇಳೆ ಮುಗಿದ ಮೇಲೆ ಅವಳೇ ಒಂದು ಚೂರು ರೊಟ್ಟಿಯನ್ನು ರಿಜಿಸ್ಟರಿನ ಮೇಲಿಟ್ಟುಕೊಂಡು, ಎರಡು ಬಾಗಿಲು ದಾಟಿ ಈಚೆ ತಂದುಕೊಟ್ಟಳು. ಮಹಾದೇವಿ ಸೆರಗು ಸರಿ ಮಾಡಿಕೊಂಡು ತಿಂದಳು. ಗಂಡನ ಎದುರು ಕೂತು ಅವಳು ಉಂಡದ್ದು ಅದೇ ಮೊದಲು. ಇಬ್ಬರೂ ಫೋನ್ ಎತ್ತಲೇ ಇಲ್ಲ, ಮಾತಿಗಿದ್ದ ಇಪ್ಪತ್ತು ನಿಮಿಷ ಹೀಗೇ ಅಗಿಯುವುದರಲ್ಲಿ ಕಳೆಯಿತು.

ಹೀಗೆ ಐದು ಬುಧವಾರ ನಡೆಯಿತು. ಐದನೇ ವಾರದ ಶುಕ್ರವಾರ ಕೋರ್ಟಿನ ತಾರೀಖು, ಗುನ್ಹಾ ಒಪ್ಪುತ್ತೀಯೋ ಇಲ್ಲವೋ ಎಂದು ಚಂದ್ರಾಮನನ್ನು ಕೇಳುವ ದಿನ. ಮಹಾದೇವಿ ಡಬ್ಬಿ ಹಿಡಿದುಕೊಂಡೇ ಬಂದಿದ್ದಳು. ಅವನು ಏನು ಹೇಳುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ತಿಲಕ್ ಅವನ ಕಿವಿಯಲ್ಲಿ "ಹೌದು ಅನ್ನಿ, ಶಾಮ್ ಕೋ ಘರ್" ಎಂದು ಮತ್ತೆ ಹೇಳಿದ. ಚಂದ್ರಾಮ ತಲೆಯಾಡಿಸಿದ. ನಾನು ಮುಗಿಯಿತು ಎಂದುಕೊಂಡೆ.

ಮೇಡಂ ಕೇಳಿದರು. ಚಂದ್ರಾಮ ಕೈಕಟ್ಟಿ ನಿಂತು ಕನ್ನಡದಲ್ಲೇ ಹೇಳಿದ: "ಕದ್ದಿಲ್ರಿ."

ತಿಲಕ್ ತಲೆ ಚಚ್ಚಿಕೊಂಡ. ಮೇಡಂ, "ಯೋಚಿಸಿ ಹೇಳು. ನಿನಗೆ ಮನೆಗೆ ಹೋಗುವ ಆಸೆ ಇಲ್ಲವೇ?" ಎಂದು ತಿಲಕ್‌ನಿಂದ ಕೇಳಿಸಿದರು.

"ಐತ್ರಿ. ಆದ್ರ ಮನ್ಯಾಗ ಇಕಿ ನನ್ ಕೂಡ ಕುಂತು ಉಣ್ಣಾಂಗಿಲ್ರಿ. ಇಪ್ಪತ್ತಾರು ವರ್ಷ ಉಂಡಿಲ್ಲ. ಇಲ್ಲಿ ಬುಧವಾರಕ್ಕೊಮ್ಮೆ ಉಣ್ತಾಳ, ನಿಮ್ಮ ಆರ್ಡರ್ ಐತಲ್ರಿ."

ತಿಲಕ್ ಅದನ್ನು ಮರಾಠಿಗೆ ತಂದಾಗ ಕೋರ್ಟು ಗೊಳ್ಳೆಂದು ನಕ್ಕಿತು. ಸರಕಾರಿ ವಕೀಲರೂ ನಕ್ಕರು. ಮಹಾದೇವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಂದ್ರಾಮ ಮಾತ್ರ ನಗಲಿಲ್ಲ, ಅವನ ಮಾತು ಮುಗಿದಿರಲಿಲ್ಲ.

"ಇವತ್ತ ಕದ್ದೀನಿ ಅಂದು ಮನಿಗೆ ಹೋದ್ರ, ಕಳ್ಳನ ಮುಂದ ಕುಂತು ಉಣ್ಣು ಅಂತ ಆಕಿಗೆ ಯಾ ಬಾಯಿಲೆ ಹೇಳ್ಲಿರಿ?"

ತಿಲಕ್ ಇದನ್ನು ಮೆಲ್ಲಗೆ ಮರಾಠಿಗೆ ತಂದ. ಮೇಡಂ "ಒಪ್ಪಿಲ್ಲ" ಎಂದು ಬರೆಸಿದರು. ಜಾಮೀನಿನ ಅರ್ಜಿ ಹೊಸದಾಗಿ ಹಾಕಿ, ಬೇಗ ಕೇಳುತ್ತೇನೆ ಎಂದು ತಿಲಕ್‌ಗೆ ಹೇಳಿದರು. ಅವನು ಬೆಳಿಗ್ಗೆಯಿಂದ ಮೊದಲ ಸಲ ಬಗ್ಗಿ ಏನನ್ನೋ ಬರೆದುಕೊಂಡ.

ಹೊರಗೆ ಪೊಲೀಸ್ ವ್ಯಾನ್ ಇನ್ನೂ ನಾಲ್ಕು ಕೈದಿಗಳಿಗಾಗಿ ಕಾಯುತ್ತ ನಿಂತಿತ್ತು. ಒಂದು ಗಂಟೆಯ ಬಿಸಿಲು. ಜಾಳಿಗೆಯ ಹಿಂದೆ ಚಂದ್ರಾಮನ ಮುಖ ಕಾಣಿಸಿತು. ಮಹಾದೇವಿ ಡಬ್ಬಿ ಹಿಡಿದು ಓಡಿದಳು. ಕಾವಲಿನವನು ಕೈ ಅಡ್ಡ ಹಿಡಿದ.

"ಇವತ್ತ ಶುಕ್ರವಾರ, ಆರ್ಡರ್ ನಡ್ಯಾಂಗಿಲ್ಲ" ಎಂದು ಚಂದ್ರಾಮ ಒಳಗಿನಿಂದ ಕೂಗಿದ. "ನೀ ಉಣ್ಣು."

"ನೀವು?"

"ನಾ ನೋಡ್ತೀನಿ. ಉಣ್ಣು ಅಂದ್ನಿ."

ಕೋರ್ಟಿನ ಆದೇಶಕ್ಕೂ ನನ್ನ ಬೈಗುಳಕ್ಕೂ ಬಗ್ಗದವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಡಬ್ಬಿ ತೆರೆದು ರೊಟ್ಟಿ ಮುರಿದಳು. ಒಂದು ಚೂರನ್ನು ತುಂಬ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಬಾಯಿಗಿಟ್ಟುಕೊಂಡಳು. ಅಳುತ್ತಲೇ ಅಗಿದಳು, ನನಗೂ ಅಳು ತಡೆಯಲಾಗಲಿಲ್ಲ. ವ್ಯಾನ್ ಹೊರಡುವವರೆಗೂ ಚಂದ್ರಾಮ ಜಾಳಿಗೆಯಿಂದ ಬೆರಳು ಹೊರಗೆ ಹಾಕಿ, ಇನ್ನೊಂದು ತಗೋ, ಪಲ್ಯ ಹಾಕ್ಕೋ ಎಂದು ಸನ್ನೆ ಮಾಡುತ್ತಲೇ ಇದ್ದ.