ಒತ್ತಿ ಹಿಡಿದ ಇಪ್ಪತ್ತು ನಿಮಿಷ

ಬೆಳಗಿನ ಐದೂವರೆ. ವಿಜಯಪುರದ ಒಂದು ಖಾಸಗಿ ಹೃದಯದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸಗೀರಾ ಗುರುತು ಪರಿಚಯವಿಲ್ಲದ ಒಬ್ಬರ ತೊಡೆಸಂದಿಯ ಮೇಲೆ ಎರಡೂ ಕೈ ಊರಿ ನಿಂತಿದ್ದಾರೆ. ಮಂಚದ ಮೇಲಿರುವವರು ಆಲಮೇಲದ ಕಬ್ಬಿನ ರೈತ ಭೀಮಶ್ಯಾ. ರಾತ್ರಿ ಎದೆನೋವೆಂದು ಬಂದವರಿಗೆ ವೈದ್ಯರು ತೊಡೆಯ ರಕ್ತನಾಳದಿಂದ ಹೃದಯದವರೆಗೆ ತಂತಿ ತೂರಿಸಿ, ಕಿರಿದಾಗಿದ್ದ ನಾಳವನ್ನು ಬಲೂನಿನಿಂದ ಅಗಲಿಸಿ, ಸ್ಟೆಂಟ್ ಕೂರಿಸಿದ್ದಾರೆ. ತೊಡೆಯಲ್ಲಿದ್ದ ಕೊಳವೆಯನ್ನು ನರ್ಸ್ ಈಗಷ್ಟೇ ಎಳೆದಿದ್ದಾರೆ. ಇನ್ನು ಇಪ್ಪತ್ತು ನಿಮಿಷ ಸಗೀರಾ ಕೈ ಸಡಿಲಿಸುವಂತಿಲ್ಲ. ಸಡಿಲಿಸಿದರೆ ರಕ್ತ ಚಿಮ್ಮುತ್ತದೆ. ಮೂಗು ತುರಿಸಿದರೂ ಸುಮ್ಮನಿರಬೇಕು.

ಬಲೂನು ಹಾಕಿದ ವೈದ್ಯರ ಹೆಸರು ಹೊರಗಿನ ಫಲಕದಲ್ಲಿದೆ. ಆಮೇಲೆ ಒತ್ತಿ ಹಿಡಿದವರ ಹೆಸರು ಡಿಸ್ಚಾರ್ಜ್ ಕಾಗದದಲ್ಲೂ ಇರುವುದಿಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ.

ಬಸವನ ಬಾಗೇವಾಡಿಯ ಸಗೀರಾಗೆ ಈಗ ಐವತ್ತಮೂರು. ಗಂಡ ಬಾಬುಲಾಲ ಗೋಡೆ ಕಟ್ಟುವ ಗೌಂಡಿಯಾಗಿದ್ದರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ಗ್ಯಾಸ್ ಇರಬೇಕೆಂದು ಸಗೀರಾ ಸೋಡಾ ತಂದು ಕುಡಿಸಿದರು. ಬಾಬುಲಾಲ ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಖಾನಾವಳಿಯೊಂದರಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಎರಡು ವರ್ಷ ದೂಡಿದ ಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದರು. ಕೆಲಸಕ್ಕೆ ಜನ ಸಾಲದ ಒಂದು ದಿನ ವೈದ್ಯರೇ ಅವರ ಬೆರಳು ಹಿಡಿದು, ನಾಡಿ ಎಲ್ಲಿ ಬಡಿಯುತ್ತದೆಂದು ತೋರಿಸಿದರು. ರೊಟ್ಟಿ ಬಡಿದ ಕೈ, ಬೇಗ ಕಲಿಯಿತು.

"ಜೋರ ಒತ್ತೂದ ಕೆಲಸ ಅಲ್ರಿ. ಭಾಳ ಜೋರ ಒತ್ತಿದ್ರ ಪಾದ ತಣ್ಣಗಾಗತೈತಿ, ಸಡ್ಲ ಬಿಟ್ರ ರಗತ ಬರತೈತಿ. ನಡಕ ಒಂದ ಅಳತಿ ಐತಿ, ಅದು ಬೆರಳಿಗೇ ತಿಳೀತೈತಿ," ಎನ್ನುತ್ತಾರೆ.

ಒತ್ತಿ ಬಿಟ್ಟ ಮೇಲೂ ಆರು ತಾಸು ಕಾಲು ಮಡಚಬಾರದು. ಹೇಳುವುದು ಸುಲಭ. ಮೂರು ವರ್ಷದ ಹಿಂದೆ ಇಂಡಿ ಕಡೆಯ ದುಂಡೇಶ ತಲೆಯಾಡಿಸಿ ಎಲ್ಲಕ್ಕೂ ಒಪ್ಪಿದ್ದರು. ಅಷ್ಟರಲ್ಲಿ ಮುದ್ದೇಬಿಹಾಳದಿಂದ ಹೊಸ ಬೀಗರು ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತರು. ಮಗಳನ್ನು ಕೊಟ್ಟ ಬೀಗರ ಮುಂದೆ ಕಾಲು ಚಾಚಿ ಮಲಗುವುದೆಂದರೇನು! ಸ್ಟೆಂಟ್ ಹೋದರೂ ಮರ್ಯಾದೆ ಹೋಗಬಾರದು. ದುಂಡೇಶ ಥಟ್ಟನೆ ಕಾಲು ಮಡಚಿ ಎದ್ದು ಕುಳಿತರು. ಚಾದರ ಕೆಂಪಾಯಿತು. ಸಗೀರಾ ಓಡಿಬಂದು ನಲವತ್ತು ನಿಮಿಷ ಒತ್ತಿ ನಿಂತರು. ಹೆದರಿದ ಬೀಗರು ಹಣ್ಣು ಹಿಡಿದುಕೊಂಡೇ ಗೋಡೆಗೆ ಅಂಟಿಕೊಂಡು ನಿಂತಿದ್ದರು.

ಮರುದಿನವೇ ಸಗೀರಾ ಆ ಕೋಣೆಯ ಮಂಚಗಳನ್ನೆಲ್ಲ ತಿರುಗಿಸಿ, ರೋಗಿಗಳ ಕಾಲು ಗೋಡೆಯ ಕಡೆಗೆ ಬರುವಂತೆ ಮಾಡಿದರು. ಬಂದವರಿಗೆಲ್ಲ "ತಲಿ ಕಡಿಂದ ಬರ್ರಿ" ಎಂದು ತಾವೇ ಕರೆತರುತ್ತಾರೆ. ಅಂದಿನಿಂದ ಆ ಕೋಣೆಯಲ್ಲಿ ಯಾರೂ ಮರ್ಯಾದೆಗಾಗಿ ಕಾಲು ಮಡಚಿಲ್ಲ. ಈ ಉಪಾಯ ಯಾರದೆಂದು ಹೊಸ ನರ್ಸ್‌ಗಳಿಗೂ ಗೊತ್ತಿಲ್ಲ.

ಒತ್ತಿ ಹಿಡಿದಾಗ ರೋಗಿ ಗಾಬರಿಯಾಗದಿರಲೆಂದು ಸಗೀರಾ ಮಾತಿಗೆಳೆಯುತ್ತಾರೆ. ಮಲಗಿದವರು ಸೂರು ನೋಡುತ್ತ ಮನೆಯವರಿಗೂ ಹೇಳದ್ದನ್ನು ಹೇಳುತ್ತಾರೆ. ಮುಳವಾಡದಲ್ಲಿ ಯಾರ ಹೊಲಕ್ಕೆ ನೀರು ಬಂತು, ಸಿಂದಗಿಯಲ್ಲಿ ಯಾರು ಅಣ್ಣನ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಈಕೆಗೆ ಗೊತ್ತು. ಈಕೆ ಮಾತ್ರ ಅವರಿಗೆ ಗೊತ್ತಿಲ್ಲ. ಮುಖಕ್ಕೆ ಮಾಸ್ಕ್ ಇರುತ್ತದೆ. ಹೋದ ವರ್ಷ ಸಗೀರಾ ಮದುವೆಯೊಂದಕ್ಕೆ ಇಂಡಿಗೆ ಹೊರಟಿದ್ದ ಬಸ್ಸಿನಲ್ಲಿ ಅದೇ ದುಂಡೇಶ, "ಯಕ್ಕಾರ, ಸ್ವಲ್ಪ ಸರೀರಿ" ಎಂದು ಪಕ್ಕದಲ್ಲೇ ಕುಳಿತು ಇಂಡಿವರೆಗೂ ಬಂದರು. ಸಗೀರಾ ಕಿಟಕಿಯ ಕಡೆ ಒತ್ತರಿಸಿ ಕುಳಿತರು. ನಿಮ್ಮ ತೊಡೆ ಒತ್ತಿದವಳು ನಾನೆಂದು ತುಂಬಿದ ಬಸ್ಸಿನಲ್ಲಿ ಹೇಗೆ ಹೇಳಿಯಾರು?

ಈಗ ಕೆಲಸವೇ ಕೈತಪ್ಪುವ ಹೊತ್ತು ಬಂದಿದೆ. ವೈದ್ಯರು ಈಗೀಗ ಹೆಚ್ಚಾಗಿ ಮಣಿಕಟ್ಟಿನ ನಾಳದಿಂದಲೇ ತಂತಿ ತೂರಿಸುತ್ತಾರೆ. ಗಾಳಿ ತುಂಬಿದ ಪಟ್ಟಿ ಕಟ್ಟಿದರೆ ಅದೇ ಒತ್ತಿ ಹಿಡಿಯುತ್ತದೆ. ಮೊದಲು ದಿನಕ್ಕೆ ಆರೇಳು ಮಂದಿಯ ಮೇಲೆ ಊರುತ್ತಿದ್ದ ಕೈಗೆ ಈಗ ವಾರಕ್ಕೆ ಇಬ್ಬರು. ಭೀಮಶ್ಯಾ ಅವರ ಮಣಿಕಟ್ಟಿನ ನಾಳ ತೀರಾ ಸಣ್ಣದಾಗಿದ್ದರಿಂದ ಇಂದು ಕರೆ ಬಂದಿದೆ. ಬರುವ ತಿಂಗಳಿಂದ ಸಗೀರಾ ನೆಲಮಾಳಿಗೆಯ ಬಟ್ಟೆ ಕೋಣೆಗೆ. ಪಗಾರ ಅಷ್ಟೇ ಇರುತ್ತದೆ. ಅಲ್ಲಿ ಚಾದರ ಮಡಚಬೇಕು, ಒಬ್ಬರೇ. ಪಾಳಿ ಮುಗಿಸಿ ಬಾಗೇವಾಡಿಯ ಬಾಡಿಗೆ ಕೋಣೆಗೆ ಹೋದರೆ ಅಲ್ಲಿಯೂ ಒಬ್ಬರೇ. ಆಸ್ಪತ್ರೆ ಬಿಟ್ಟರೆ ಕೆಲವು ದಿನ ಅವರು ಮಾತಾಡುವುದು ಬಸ್ಸಿನ ಕಂಡಕ್ಟರ್ ಜೊತೆ ಮಾತ್ರ.

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿದೆ. ಭೀಮಶ್ಯಾ ತಮ್ಮ ಎತ್ತಿನ ಕಥೆ ಹೇಳುತ್ತ ಹೇಳುತ್ತ ಕಣ್ಣು ಮುಚ್ಚಿದ್ದಾರೆ. ಪಾದ ಬೆಚ್ಚಗಿದೆ. ಬಟ್ಟೆ ಕೋಣೆಗೆ ಹೋಗಲು ಬೇಸರವೇ ಎಂದರೆ ಸಗೀರಾ ಕೈ ಅಲುಗಿಸದೆ ಮೆಲ್ಲಗೆ ಮಾತಾಡುತ್ತಾರೆ.

"ಕೈಯಾಗಿಂದ ಮಾಡೂದ ಛಲೋ ಬಿಡ್ರಿ. ಮಂದಿ ಲಗೂನ ಎದ್ದು ಅಡ್ಡಾಡ್ತಾರ. ನನ್ನ ಸಲುವಾಗಿ ಅವರ ತೊಡಿ ಚುಚ್ಚಬೇಕೇನ್ರಿ? ಆದ್ರ ಖರೇ ಹೇಳ್ತೇನಿ. ನನ್ನ ಬಿಟ್ಟು ಎದ್ದು ಹೋಗಲಾರದಂಗ ಯಾರರೆ ಇಪ್ಪತ್ತ ನಿಮಿಷ ಇರೂದು ಇದೊಂದ ಮಂಚದ ಮ್ಯಾಲ."