ಎರಡು ನಿಮಿಷ ಎಂದು ಹೋದ ರಘುರಾಮ

ಚೆನ್ನೈಯ ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿಗೆ ಉಡುಪಿ ಕಡೆಯಿಂದ ಮಾಣಿಯಾಗಿ ಬಂದ ರಘುರಾಮ ಈಗ ತಲೆ ನರೆತ ಸಪ್ಲೈಯರ್. ಹೆಗಲಿಗೆ ಬಿಳಿ ಟವೆಲು ಹಾಕಿ ಮೇಜಿನ ಮುಂದೆ ನಿಂತನೆಂದರೆ ಇಡ್ಲಿಯಿಂದ ಕಾಶಿ ಹಲ್ವದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾನೆ. ಕೇಳಿದವರು ಹಸಿವು ಮರೆತು ಚಪ್ಪಾಳೆ ತಟ್ಟಿದ್ದುಂಟು. ಆದರೆ ಅವನ ನಿಜವಾದ ಕೀರ್ತಿ ಬೇರೆ. ಅಡುಗೆಮನೆಯಲ್ಲಿ ಇಲ್ಲದ್ದನ್ನು ಅವನ ಬಾಯಿ ಎಂದೂ ‘ಉಂಟು’ ಎಂದದ್ದಿಲ್ಲ. ಕೇಳಿದ್ದು ಮುಗಿದುಹೋಗಿದ್ದರೆ ಅದನ್ನು ಹೇಳುವುದಕ್ಕಾದರೂ ಮೇಜಿಗೆ ಮರಳಿ ಬರುತ್ತಾನೆ. ಇಷ್ಟು ಮಾಡುವ ಸರಕಾರಿ ಕಚೇರಿ ಒಂದಿದ್ದರೆ ಯಾರಾದರೂ ತೋರಿಸಲಿ, ಹಾರ ಹಾಕೋಣ.

ಈ ಕೀರ್ತಿಯ ಮೇಲೆ ಪೂರ್ತಿ ಭಾರ ಹಾಕಿದ್ದವರು ಶಿವಗಂಗಮ್ಮ. ಗದಗದ ಕಡೆಯವರು, ಗಂಡನ ಬಟ್ಟೆ ವ್ಯಾಪಾರದ ಹಿಂದೆ ಚೆನ್ನೈಗೆ ಬಂದು, ಅವರು ತೀರಿಕೊಂಡ ಮೇಲೂ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಉಳಿದವರು. ಸೋಮವಾರ ಅವರಿಗೆ ಈರುಳ್ಳಿ ವರ್ಜ್ಯ. ಬೆಳಿಗ್ಗೆ ಬಂದು ಕೂತು, “ವಡ್ಯಾಗ ಉಳ್ಳಾಗಡ್ಡಿ ಐತೇನಪಾ?” ಎನ್ನುತ್ತಾರೆ. ರಘುರಾಮ ಉಂಟು ಎಂದರೆ ಬೇಡ. ಇಲ್ಲ ಎಂದರೆ ತಟ್ಟೆಯತ್ತ ನೋಡದೆಯೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಂಥ ಸತ್ಯವಂತನನ್ನು ಕಾರ್ಪೊರೇಷನ್ ಚುನಾವಣೆ ಕೆಡಿಸಿತು. ಅವನ ಮಗಳು ಪ್ರಣಮ್ಯಾ ಕಾಲೇಜು ಹುಡುಗಿ. ಸಹಪಾಠಿ ನಿಶಾಂತನನ್ನು ಸೇರಿಸಿಕೊಂಡು ರಾಜಕಾರಣಿಗಳನ್ನು ಗೇಲಿ ಮಾಡುವ ವಿಡಿಯೊ ತೆಗೆಯುತ್ತಾಳೆ. ಈ ಸಲ ಅವಳು ‘ಟಿಫಿನ್ ಪಕ್ಷ’ ಸ್ಥಾಪಿಸಿ ಅಪ್ಪನನ್ನೇ ಅದರ ನಾಯಕನನ್ನಾಗಿ ಮಾಡಿದಳು. ಅಪ್ಪ ದಾರಿಹೋಕರನ್ನು ನಿಲ್ಲಿಸಿ, ಭರವಸೆಗಳನ್ನು ತಿಂಡಿಯ ಹಾಗೆ ಒಪ್ಪಿಸಿ, ಆರ್ಡರ್ ತೆಗೆದುಕೊಂಡು, ‘ಎರಡು ನಿಮಿಷ, ಬಂತು’ ಎಂದು ಮರೆಯಾಗಬೇಕು. ತಿರುಗಿ ಬರಬಾರದು. ಕಾಯುತ್ತ ನಿಂತವರ ಮುಖವನ್ನು ನಿಶಾಂತನ ಫೋನು ಹಿಡಿಯುತ್ತದೆ. ತಮಾಷೆಯೆಲ್ಲ ಅಲ್ಲಿಯೇ.

ಜನರನ್ನು ಕಾಯಿಸಿ ನಗುವುದು ಒಳ್ಳೆಯದಲ್ಲ ಎಂದು ಹೆಂಡತಿ ವಿಮಲಾ ಎಚ್ಚರಿಸಿದಳು. ಆದರೆ ಕ್ಯಾಮೆರಾ ಎಂಬ ಶಬ್ದ ಆಗಲೇ ರಘುರಾಮನ ಕಿವಿಗೆ ಬಿದ್ದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ, ಒಗೆದ ಸಮವಸ್ತ್ರದಲ್ಲಿ, ಚೆಂಡೆಯ ಪೆಟ್ಟಿಗೆ ರಂಗಸ್ಥಳ ಹೊಕ್ಕ ಯಕ್ಷಗಾನದ ರಾಜವೇಷದಂತೆ ಅವನು ಸೀರೆ ಅಂಗಡಿಗಳ ಮುಂದೆ ಪ್ರತ್ಯಕ್ಷನಾದ. ತುಪ್ಪದ ರಸ್ತೆ, ಮಸಾಲೆ ಮೇಲ್ಸೇತುವೆ, ಸೆಟ್ ಬಸ್‌ಸ್ಟಾಪು, ಒಂದು ಪ್ಲೇಟು ಮೆಟ್ರೊ ಎಂದು ತಮಿಳಿನಲ್ಲಿ ಅವನು ಸುರಿಸಿದ ಸುರಿಮಳೆಗೆ ಆಟೊಗಳು ನಿಂತವು. ಒಬ್ಬ ಪಾತ್ರೆ ವ್ಯಾಪಾರಿ ಮೇಲ್ಸೇತುವೆಯನ್ನು ಪಾರ್ಸೆಲ್ ಕೇಳಿದ. ಎಲ್ಲರೂ ತುಸು ಕಾದರು, ಮೋಸ ತಿಳಿದು ನಕ್ಕರು, ಬೈದು ಹೋದರು.

ಆಗ ಗುಂಪಿನೊಳಗಿಂದ ಶಿವಗಂಗಮ್ಮ ಬಂದರು. ಫೋನು ನೋಡಿದರು, ರಘುರಾಮನನ್ನು ನೋಡಿದರು. ಕಾರ್ಪೊರೇಷನ್ನಿನವರಿಗೆ ಕೊನೆಗೂ ಬುದ್ಧಿ ಬಂದು ಜನರ ದೂರು ಕೇಳುವ ಕೆಲಸಕ್ಕೆ ನಂಬಿಕಸ್ಥ ಮನುಷ್ಯನನ್ನು ಇಟ್ಟಿದ್ದಾರೆಂದು ತಿಳಿದರು.

“ನಮ್ಮ ಗಲ್ಲಿ ಗಟಾರ ಒಂದು ರಿಪೇರಿ ಮಾಡಸಪಾ. ಮಳಿ ಬಂದ್ರ ಹೊಲಸು ನೀರು ಅಡಗಿ ಮನಿಗೇ ಬರ್ತೈತಿ.”

ರಘುರಾಮನ ನಾಲಿಗೆ ಒಂದು ಕ್ಷಣ ತಡವರಿಸಿತು. ಆದರೆ ಸುತ್ತ ನಗು ಸಿದ್ಧವಾಗಿ ನಿಂತಿತ್ತು. “ಎರಡು ನಿಮಿಷ ಅಮ್ಮ, ಬಂತು” ಎಂದು ಟವೆಲು ಬೀಸಿ ಮೂಲೆ ತಿರುಗಿದ. ಅಲ್ಲಿ ಮಜ್ಜಿಗೆ ಕುಡಿದು, ದಿಗ್ವಿಜಯ ಮುಗಿಸಿದವನ ಠೀವಿಯಲ್ಲಿ ಹಿಂದಿನ ಬಾಗಿಲಿನಿಂದ ಹೋಟೆಲು ಸೇರಿದ.

ಆಮೇಲೆ ನಡೆದದ್ದನ್ನು ಅವನು ಕಂಡದ್ದು ಶನಿವಾರ, ಕೈತೊಳೆಯುವ ತೊಟ್ಟಿಯ ಹತ್ತಿರ, ಅಡುಗೆಯ ಸೀತಾರಾಮನ ಫೋನಿನಲ್ಲಿ. ಶಿವಗಂಗಮ್ಮ ಹೋಗಿರಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ನೆರಳಿಗೆ ಸರಿದರು. ಮೂಲೆಯತ್ತ ನೋಡಿದರು. ಕಾಲು ನೋಯಿತೋ ಏನೋ, ಅಂಗಡಿಯ ಮೆಟ್ಟಿಲ ಮೇಲೆ ಕೂತು ಮತ್ತೆ ನೋಡಿದರು. ಮಗಳು ಇದನ್ನೆಲ್ಲ ಸರಸರ ಓಡಿಸಿ, ಅದಕ್ಕೆ ನಾಗಸ್ವರ ಸೇರಿಸಿದ್ದಳು. ಸೀತಾರಾಮ ಕಣ್ಣೀರು ಒರೆಸಿಕೊಂಡು ನಗುತ್ತಿದ್ದ. ರಘುರಾಮನೂ ನಗಲು ಬಾಯಿ ತೆರೆದ. ಅದು ಹಾಗೆಯೇ ತೆರೆದುಕೊಂಡು ಉಳಿಯಿತು.

ಮನೆಗೆ ಹೋದವನೇ ಅದನ್ನು ತೆಗೆದುಹಾಕು ಎಂದ. “ಅಪ್ಪಾ, ಅದು ತಾನ್ ಹೈಲೈಟೇ” ಎಂದಳು ಪ್ರಣಮ್ಯಾ, ತಮಿಳು ಬೆರೆಸಿ. ಅಪ್ಪನ ಮುಖ ನೋಡಿ, ಮತ್ತೆ ಮಾತಾಡದೆ ತೆಗೆದಳು. ಅಷ್ಟರಲ್ಲಿ ಟಿಫಿನ್ ಪಕ್ಷದ ಕೀರ್ತಿ ಕೀಲ್ಪಾಕ್ ದಾಟಿ ಅಂಬತ್ತೂರು ಮುಟ್ಟಿಯಾಗಿತ್ತು.

ಸೋಮವಾರ ಶಿವಗಂಗಮ್ಮ ಎಂದಿನ ಮೇಜಿನಲ್ಲಿ ಕೂತು ಎಂದಿನ ಪ್ರಶ್ನೆ ಕೇಳಿದರು. ವಡೆಯಲ್ಲಿ ಈರುಳ್ಳಿ ಇಲ್ಲ ಎಂದು ರಘುರಾಮ ಹೇಳಿದ. ಅವರು ವಡೆ ಮುರಿದು, ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಕೆದಕಿ ನೋಡತೊಡಗಿದರು.

ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡುತ್ತ ಅವನು, “ಅಮ್ಮ, ಆ ದಿನದ್ದು ಬರೀ ತಮಾಷೆ. ಚರಂಡಿ ಎಲ್ಲ ನನ್ನ ಕೈಯಲ್ಲಿ ಉಂಟಾ? ನನ್ನದು ತಪ್ಪಾಯ್ತು” ಎಂದ.

“ಗಟಾರ ನಿನ್ನಿಂದ ಆಗೂದಲ್ಲ ಅಂತ ನನಗೂ ಆಮ್ಯಾಲ ತಿಳೀತಪಾ” ಎಂದರು ಅವರು, ತಲೆ ಎತ್ತದೆ. “ಇಲ್ಲದಿದ್ರ ಇಲ್ಲ ಅಂತ ಹೇಳಾಕರ ಬರ್ತೀಯಲ್ಲ, ಅದಕ್ಕ ಕುಂತಿದ್ದೆ.”

ರಘುರಾಮ ಟವೆಲನ್ನು ಮತ್ತೆ ಹೆಗಲಿಗೆ ಹಾಕಿದ. ಅವರ ಕಾಫಿ ತರಲು ಒಳಗೆ ಹೋದ. ಡಿಕಾಕ್ಷನ್ ಮುಗಿದಿತ್ತು, ಹೊಸದು ಇಳಿಯಲು ಹೊತ್ತಿತ್ತು. ಅವನು ಮೇಜುಗಳ ನಡುವೆ ಓಡುತ್ತಲೇ ಹೊರಗೆ ಬಂದ.

“ಕಾಫಿ ಇಲ್ಲ ಅಮ್ಮ, ತಡ ಆಗ್ತದೆ.”

ಶಿವಗಂಗಮ್ಮ ಆಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ವಡೆಯ ಉಳಿದರ್ಧವನ್ನು ಬಿಡಿಸಿ ನೋಡಿದರು.