ಒಳದಾರಿ ಬಿಡದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಎಳವೆಯ ಜ್ವರವೊಂದರಲ್ಲಿ ಎರಡೂ ಕಿವಿ ಹೋದವು. ಕಿವುಡಿ ಎಂದರೆ ಅವಳಿಗೆ ಬೇಸರವಿಲ್ಲ. ‘ಪಾಪ’ ಎಂದರೆ ಮಾತ್ರ ಮೈಯೆಲ್ಲ ಉರಿ. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ, ಒಂದಕ್ಕೆ ಎರಡಾಗಿ ತಿರುಗಿಸಿ ಕೊಡುತ್ತಾಳೆ. ಆಸ್ಪತ್ರೆಯಲ್ಲಿ ಟೋಕನ್ ನಂಬರ್ ತೋರಿಸುವ ಪರದೆಗಳೆಲ್ಲ ಅವಳ ಸುಪರ್ದಿಗೆ ಸೇರಿದ್ದವು. ರೋಗಿಗಳು ಕಾಯುವ ಹಾಲ್‌ನ ಕೌಂಟರಿನಲ್ಲಿ ಕೂತು ನಂಬರ್ ಒತ್ತುವವಳು ನಾನು.

ಹೊಸದಾಗಿ ಬಂದ ಅಧಿಕಾರಿ, ಎಲ್ಲ ಪರದೆಗೂ ನೆಟ್‌ವರ್ಕ್ ಮೂಲಕವೇ ಸಂಪರ್ಕ ಇರಬೇಕು, ಒಂದೇ ಥರ ಕಾಣಬೇಕು ಎಂದು ಅಪ್ಪಣೆ ಮಾಡಿದರು. ಪರದೆ ಎಲ್ಲಿದೆ ಎಂದು ಪ್ರೋಗ್ರಾಮಿಗೆ ತಿಳಿಸಲು ಒಂದು ಸಾಲಿದೆ. ಅಲ್ಲಿ ಕಂಪ್ಯೂಟರಿನ ಹೆಸರು ಬರೆದರೆ ಅದು ನೆಟ್‌ವರ್ಕ್ ಹಿಡಿದು ಹೋಗುತ್ತದೆ. ಖಾಲಿ ಬಿಟ್ಟರೆ ಯಂತ್ರದೊಳಗಿನ ಲೋಕಲ್ ಸಾಕೆಟ್ ಎಂಬ ಒಳದಾರಿಯಲ್ಲೇ ಮಾತು ಮುಗಿಸುತ್ತದೆ. ನಮ್ಮ ಹಾಲ್‌ನಲ್ಲಿ ಪ್ರೋಗ್ರಾಮು, ಪರದೆ ಎರಡೂ ಒಂದೇ ಕಂಪ್ಯೂಟರಿನವು. ಚಿಕ್ಕಮ್ಮ ಆ ಜಾಗವನ್ನು ಖಾಲಿ ಬಿಟ್ಟಿದ್ದಳು.

“ಹೆಸರು ಬರೆಯಲ್ಲ ಸಾರ್,” ಎಂದಳು. “ನಡುಮನೆಯಿಂದ ಅಡುಗೆಮನೆಗೆ ಹೋಗೋಕೆ ಯಾರಾದ್ರೂ ಬೀದಿ ಸುತ್ಕೊಂಡು ಬರ್ತಾರಾ? ಬೀದಿ ಹಿಡಿದ್ರೆ, ನೆಟ್‌ವರ್ಕ್ ವೈರ್ ಕಿತ್ತೋದಾಗ ಪರದೆ ಕಪ್ಪಾಗತ್ತೆ.”

“ಯಾವತ್ತೋ ಒಂದಿನ ಹೋಗ್ಬಹುದು. ಬಾಯಲ್ಲಿ ಕೂಗಿದ್ರಾಯ್ತು ಕಣಮ್ಮ. ಆಗಲ್ಲ ಅಂದ್ರೆ ಹೇಳು, ನಾಳೆನೇ ನಿನ್ನನ್ನ ಸ್ಟೋರಿನ ಕೆಲಸಕ್ಕೆ ಹಾಕ್ತೀನಿ.”

“ಹಾಕಿ. ಆದ್ರೆ ಆ ಒಂದಿನ ಹೇಗಿರತ್ತೆ ಅಂತ ನೋಡಿ ಹಾಕಿ.”

ಡ್ರೆಸಿಂಗ್ ಕೋಣೆಯಿಂದ ಹತ್ತಿ ತಂದು ಅವರ ಮುಂದೆ ಹಿಡಿದಳು. ಹಾಲ್ ತುಂಬ ಜನ, ಎಲ್ಲರ ಕಣ್ಣೂ ಇತ್ತಲೇ. ಹಿಂಜರಿದರೆ ಮಾನದ ಪ್ರಶ್ನೆ. ಅಧಿಕಾರಿ ಆ ಖಾಲಿ ಜಾಗದಲ್ಲಿ ಕೈಯಾರೆ ಕಂಪ್ಯೂಟರಿನ ಹೆಸರು ಬರೆದು, ಕಿವಿಗಳಿಗೆ ಹತ್ತಿ ತುರುಕಿಕೊಂಡು, ಟೋಕನ್ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರು. ಚಿಕ್ಕಮ್ಮ ನೆಟ್‌ವರ್ಕ್ ವೈರ್ ಎಳೆದಳು. ಪರದೆ ಕಪ್ಪಾಯಿತು.

ನಾನು ಗಂಟಲು ಹರಿಯುವಂತೆ ನಂಬರ್ ಕೂಗತೊಡಗಿದೆ. ಗದ್ದಲವೋ ಗದ್ದಲ. ಅಧಿಕಾರಿ ಕಪ್ಪು ಪರದೆ ನೋಡಿದರು, ಡಾಕ್ಟರ ಬಾಗಿಲು ನೋಡಿದರು, ಮತ್ತೆ ಪರದೆ ನೋಡಿದರು. ಅವರ ನಂಬರನ್ನು ಎರಡೆರಡು ಸಲ ಕೂಗಿದೆ. ಕೂತೇ ಇದ್ದರು. ನಂತರದ ನಂಬರಿನ ಅಜ್ಜಿ ಎದ್ದು ಒಳಗೆ ಹೋದಳು. ಸುಳ್ಳು ಯಾಕೆ, ನನಗೆ ಹೊಟ್ಟೆ ತುಂಬ ಖುಷಿಯಾಯಿತು.

ಬೆಂಚುಗಳು ಖಾಲಿಯಾಗತೊಡಗಿದ ಮೇಲೆ ಅವರು ಹತ್ತಿ ಕಿತ್ತು ಕೌಂಟರಿಗೆ ಬಂದರು.

“ನನ್ನ ನಂಬರ್ ಕೂಗಿದ್ರಾ?”

ಕೇಳಿದ್ದು ನನ್ನನ್ನು. ಅವರ ತುಟಿ ನೋಡುತ್ತಿದ್ದ ಚಿಕ್ಕಮ್ಮ ಉತ್ತರ ಕೊಟ್ಟಳು:

“ಕೂಗಿದ್ಲಂತೆ ಸಾರ್. ನಂಗೂ ಕೇಳಿಸ್ಲಿಲ್ಲ.”

ಅಪ್ಪಣೆಗೆ ಕಾಯದೆ ಕುರ್ಚಿ ಎಳೆದು ಕೂತು ಆ ಹೆಸರು ಅಳಿಸಿದಳು. ವೈರ್ ಸಿಕ್ಕಿಸುವ ಮೊದಲೇ ಪರದೆ ಬೆಳಗಿತು, ಅಧಿಕಾರಿ ತಲೆಯಾಡಿಸಿ ತಮ್ಮ ಟೋಕನ್ ಕೌಂಟರಿನ ಮೇಲಿಟ್ಟರು.